‘ಅದು’ ಅಲ್ಲ, ಲೋಟ!



ಡೊಂಬಿವಲಿಯಿಂದ ಅಜ್ಜಿಯೊಬ್ಬರು ಪತ್ರ ಬರೆದಿದ್ದಾರೆ. ಮೊಮ್ಮಗಳಿಗೆ ಈಗ ಎರಡು ವರ್ಷ. ಗೋಡೆಯ ಮೇಲೆ ಹಣ್ಣು, ತರಕಾರಿ, ಪ್ರಾಣಿಗಳ ಚಾರ್ಟ್ ಇದೆ. ‘ಅನಾನಸ್ ಎಲ್ಲಿದೆ?’ ಎಂದರೆ ಮಗು ಥಟ್ಟನೆ ಬೆರಳಿಟ್ಟು ತೋರಿಸುತ್ತದಂತೆ. ‘ಲೋಟ ತಾ ಪುಟ್ಟಿ’ ಎಂದರೆ ಮಾತ್ರ ಪಿಳಿಪಿಳಿ ನೋಡುತ್ತದೆ. ಹಗಲೆಲ್ಲ ಪಾಳಣಾಘರದಲ್ಲಿ ಬೆಳೆಯುವ ಮಗುವಿಗೆ ಅದು ‘ಗ್ಲಾಸ್’. ‘ನಾನು ಊರಿಗೆ ಹೋದ ಮೇಲೆ ಫೋನಿನಲ್ಲಿ ಇವಳಿಗೂ ನನಗೂ ಮಾತೇ ಇರುವುದಿಲ್ಲವೋ ಏನೋ’ ಎನ್ನುವುದು ಅಜ್ಜಿಯ ಚಿಂತೆ. ಮುಂಬಯಿಯ ಎಷ್ಟು ಕನ್ನಡ ಮನೆಗಳಲ್ಲಿ ಇದೇ ಕತೆ, ಅಲ್ಲವೇ?

ಮಗುವನ್ನು ಬಿಡಿ, ಮೊದಲು ನಮ್ಮ ಮಾತನ್ನೇ ಸ್ವಲ್ಪ ಕೇಳಿಸಿಕೊಳ್ಳೋಣ. ಬೆಳಿಗ್ಗೆ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ನಾವು ಹೇಳುವುದೇನು? ‘ಅದು ಮುಟ್ಟಬೇಡ. ಇದು ಹಿಡ್ಕೋ. ಅದನ್ನ ಅಲ್ಲಿಡು, ಇದನ್ನ ಇಲ್ಲಿ ಕೊಡು.’ ಕನ್ನಡದಲ್ಲಿ ವಸ್ತುವಿನ ಹೆಸರನ್ನೇ ಎತ್ತದೆ ಇಡೀ ದಿನ ಸಂಸಾರ ನಡೆಸಬಹುದು! ದೊಡ್ಡವರಿಗೆ ಕೈಸನ್ನೆಯೇ ಸಾಕು. ಆದರೆ ಮಗುವಿಗೆ ಲೋಟವೂ ‘ಅದು’, ಚಮಚವೂ ‘ಅದು’, ಚಪ್ಪಲಿಯೂ ‘ಅದು’. ಚಾರ್ಟಿನ ಮುಂದೆ ನಿಂತಾಗ ಮಾತ್ರ ನಾವು ಶ್ರದ್ಧೆಯಿಂದ ಹೆಸರು ಹೇಳುತ್ತೇವೆ. ಹಾಗಾಗಿ ಮಗು ಅನಾನಸ್ ಕಲಿಯಿತು, ಲೋಟ ಕಲಿಯಲಿಲ್ಲ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ.

ಹೆಸರು ಹೇಳಿದರಷ್ಟೇ ಸಾಲದು, ಯಾವಾಗ ಹೇಳುತ್ತೇವೆ ಎನ್ನುವುದೂ ಮುಖ್ಯ. 1986ರಲ್ಲಿ ಮೈಕೆಲ್ ಟೊಮಸೆಲ್ಲೊ ಮತ್ತು ಜೆಫ್ರಿ ಫರಾರ್ ಎಂಬ ಸಂಶೋಧಕರು ಒಂದೂವರೆ ವರ್ಷದ ಆಸುಪಾಸಿನ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದರು. ಮಗು ತಾನಾಗಿ ನೋಡುತ್ತಿರುವ ವಸ್ತುವಿನ ಹೆಸರು ಹೇಳಿದಾಗ ಅದು ಚೆನ್ನಾಗಿ ಕಲಿಯಿತು. ಮಗುವಿನ ಗಮನವನ್ನು ಬೇರೆಡೆಗೆ ಎಳೆದು ‘ಇಲ್ಲಿ ನೋಡು, ಇದರ ಹೆಸರು ಇದು’ ಎಂದಾಗ ಅಷ್ಟಾಗಿ ಕಲಿಯಲಿಲ್ಲ. ಅಂದರೆ ಮಗು ಡಬ್ಬದ ಮುಚ್ಚಳ ಹಿಡಿದು ನೆಲಕ್ಕೆ ಬಡಿಯುತ್ತಿದ್ದರೆ, ಆ ಹೊತ್ತಿನ ಪಾಠ ‘ಮುಚ್ಚಳ’ವೇ. ಅದನ್ನು ಕಿತ್ತುಕೊಂಡು ಆನೆಯ ಚಿತ್ರ ತೋರಿಸಿದರೆ ಮುಚ್ಚಳವೂ ಹೋಯಿತು, ಆನೆಯೂ ಹೋಯಿತು.

ಇನ್ನೊಂದು ಸಣ್ಣ ಗುಟ್ಟು. ಮಾತಿನ ಕೊನೆಗೆ ಬರುವ ಪದ ಮಕ್ಕಳ ಕಿವಿಗೆ ಬೇಗ ಸಿಗುತ್ತದೆ. ಕನ್ನಡದಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಕೊನೆಗೆ ಬರುವುದರಿಂದ ವಸ್ತುವಿನ ಹೆಸರು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಅದರ ಮೇಲೆ ಲೋಟಕ್ಕೆ, ಲೋಟದಲ್ಲಿ, ಲೋಟವನ್ನು ಎಂಬ ಬಾಲಗಳು ಬೇರೆ! ಆದ್ದರಿಂದ ‘ಇದು ಲೋಟ’, ‘ಕೊಡು ಲೋಟ’, ‘ಎಲ್ಲಿ ಲೋಟ?’ ಎಂದು ಪದವನ್ನು ತುದಿಗೆ ತನ್ನಿ. ನಮ್ಮ ಅಜ್ಜಿಯರು ಯಾವ ವ್ಯಾಕರಣವನ್ನೂ ಓದದೆ ಹೀಗೆಯೇ ಮಾತಾಡಿಸುತ್ತಿದ್ದರು.

ಲೋಟ ಬಂತು ಎಂದುಕೊಳ್ಳಿ. ಆಮೇಲೆ ಸ್ಟೀಲಿನದು, ಗಾಜಿನದು, ಚಹಾ ಅಂಗಡಿಯ ಕಾಗದದ್ದು ಎಲ್ಲವನ್ನೂ ತೋರಿಸಿ. ಎರಡು ವರ್ಷದ ಹೊತ್ತಿಗೆ ಮಕ್ಕಳು ಹೆಸರನ್ನು ಬಣ್ಣಕ್ಕಿಂತ ಹೆಚ್ಚಾಗಿ ಆಕಾರಕ್ಕೆ ಅಂಟಿಸುತ್ತಾರೆ. ಹಾಗಾಗಿ ಚೊಂಬನ್ನೂ ‘ಲೋಟ’ ಎನ್ನಬಹುದು. ‘ತಪ್ಪು!’ ಎನ್ನಬೇಡಿ. ‘ಹೌದು, ಲೋಟದ ಹಾಗೇ ಇದೆ. ಇದಕ್ಕೆ ಕುತ್ತಿಗೆ ಇದೆ ನೋಡು. ಇದು ಚೊಂಬು’ ಎನ್ನಿ. ಮಗು ಒಂದೇ ತಪ್ಪಿನಲ್ಲಿ ಎರಡು ಪದ ಕಲಿಯುತ್ತದೆ.

ಇದಕ್ಕೆಲ್ಲ ಪ್ರತ್ಯೇಕ ಸಮಯ ಎಲ್ಲಿಂದ ತರುವುದು ಎನ್ನುತ್ತೀರಾ? ಒಣಗಿದ ಬಟ್ಟೆ ಮಡಿಸುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಅಪ್ಪನ ಕಾಲುಚೀಲ ಎಲ್ಲಿ? ಅದರ ಜೋಡಿ ಎಲ್ಲಿ?’ ಸಂತೆಯ ಚೀಲ ಬಿಚ್ಚುವಾಗ ಈರುಳ್ಳಿ ಒಂದು ಬುಟ್ಟಿಗೆ, ಆಲೂಗಡ್ಡೆ ಇನ್ನೊಂದಕ್ಕೆ. ಸ್ನಾನದ ಹೊತ್ತಿನಲ್ಲಿ ಸೋಪು, ಮಗ್ಗು, ಟವೆಲು. (ಮಗ್ಗಿಗೆ ಅಚ್ಚಕನ್ನಡ ಹುಡುಕಲು ಹೋಗಿ ನೀರು ತಣ್ಣಗಾದೀತು!) ಈಳಿಗೆಮಣೆಯನ್ನು ಮಾತ್ರ ದೂರದಿಂದಲೇ ಪರಿಚಯಿಸಿ.

ಬಂದ ನೆಂಟರ ಮುಂದೆಲ್ಲ ‘ಇದೇನು ಹೇಳು, ಅದೇನು ಹೇಳು’ ಎಂದು ಪರೀಕ್ಷೆ ನಡೆಸುವುದು ನನಗಂತೂ ಹಿಡಿಸದು. ಮಕ್ಕಳಿಗೆ ಪದ ಅರ್ಥವಾಗುವುದು ಮೊದಲು, ಬಾಯಿಗೆ ಬರುವುದು ಎಷ್ಟೋ ತಿಂಗಳ ನಂತರ. ‘ಚಮಚ ತಾ’ ಎಂದಾಗ ತಂದುಕೊಟ್ಟರೆ ಮಗುವಿಗೆ ಚಮಚ ಗೊತ್ತು ಎಂದೇ ಲೆಕ್ಕ. ಕೇಳಿದ ಮೇಲೆ ನಾಲ್ಕೈದು ಸೆಕೆಂಡು ಸುಮ್ಮನೆ ಕಾಯಿರಿ. ರೇಡಿಯೋದಲ್ಲಿ ಐದು ಸೆಕೆಂಡಿನ ಮೌನ ನಮಗೆ ಗಾಬರಿ ಹುಟ್ಟಿಸುತ್ತದೆ, ಮನೆಯಲ್ಲಿ ಹಾಗೇನಿಲ್ಲ!

ಇನ್ನು ಭಾಷೆಗಳ ಗೊಂದಲ. ಮನೆಯಲ್ಲಿ ನೀರು, ಪಾಳಣಾಘರದಲ್ಲಿ ಪಾಣಿ, ಟಿವಿಯಲ್ಲಿ ವಾಟರ್. ಇದರಿಂದ ಮಾತು ತಡವಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಪದಗಳನ್ನು ಎಣಿಸುವಾಗ ಎಲ್ಲ ಭಾಷೆಗಳವನ್ನೂ ಸೇರಿಸಿ ಎಣಿಸಬೇಕು, ಅಷ್ಟೇ. ಮಗು ‘ಪಾಣಿ’ ಎಂದರೆ ‘ನೀರು ಬೇಕಾ? ತಗೋ ನೀರು’ ಎಂದು ನೀವು ಕನ್ನಡದಲ್ಲಿ ಉತ್ತರಿಸಿ. ಕನ್ನಡದೊಳಗೇ ಇರುವ ಗೊಂದಲಕ್ಕೂ ಇದೇ ಮದ್ದು. ಅಮ್ಮ ಮೈಸೂರಿನವರಾದರೆ ಪೊರಕೆ, ಅಪ್ಪ ಧಾರವಾಡದವರಾದರೆ ಕಸಬರಿಗೆ. ಜಗಳ ಬೇಡ, ಎರಡೂ ಇರಲಿ. ಎರಡೂ ಕಡೆಯ ಅಜ್ಜಿಯರ ಮಾತು ಮಗುವಿಗೆ ತಿಳಿಯಬೇಕಲ್ಲ.

ಮೊಬೈಲಿನ ಶಿಶುಗೀತೆ ಸಾಲದೇ ಎಂದರೆ, ಸಾಲದು. ರೇಡಿಯೋದವರ ಬಾಯಿಂದಲೇ ಈ ಮಾತು ಕೇಳಿ. 2003ರಲ್ಲಿ ಪ್ರಕಟವಾದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಒಂಬತ್ತು ತಿಂಗಳ ಅಮೆರಿಕದ ಕೂಸುಗಳಿಗೆ 12 ಬಾರಿ ಚೀನಿ ಭಾಷೆ ಕೇಳಿಸಿದರು. ಎದುರು ಕೂತು ಆಡಿಸಿದವರಿಂದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಟಿವಿಯಿಂದಲೂ, ಬರೀ ಧ್ವನಿಮುದ್ರಣದಿಂದಲೂ ಕಲಿಯಲಿಲ್ಲ. ಹಾಗಾಗಿ ಕಾರ್ಯಕ್ರಮವನ್ನು ನೀವು ಕೇಳಿ, ಮಗುವಿನ ಜೊತೆ ನೀವೇ ಮಾತಾಡಿ. ದೂರದ ಅಜ್ಜಿ ವಿಡಿಯೋ ಕರೆಯಲ್ಲಿ ಲೋಟ ಎತ್ತಿ ತೋರಿಸಿದಾಗ ಇಲ್ಲಿ ಮಗುವಿನ ಕೈಗೂ ಒಂದು ಲೋಟ ಕೊಡಿ.

ಒಂದು ಎಚ್ಚರಿಕೆಯ ಮಾತು. ವರ್ಷ ತುಂಬಿದರೂ ಮಗು ಬೆರಳು ತೋರದೆ, ಟಾಟಾ ಮಾಡದೆ ಇದ್ದರೆ, ಹದಿನಾರು ತಿಂಗಳಾದರೂ ಯಾವ ಭಾಷೆಯಲ್ಲೂ ಒಂದು ಪದ ಬರದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸದಿದ್ದರೆ ಅಥವಾ ಬಂದ ಮಾತು ನಿಂತುಹೋದರೆ ‘ಅವರಪ್ಪನೂ ತಡವಾಗಿ ಮಾತಾಡಿದ್ದು’ ಎಂದು ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮುಂಬಯಿಯವರಿಗೆ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ರಜೆಯಲ್ಲಿ ಊರಿಗೆ ಹೋಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಅಂದಹಾಗೆ, ಪೊರಕೆಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ? ಯಾವ ಊರಿನ ಮಾತು ಎಂಬುದನ್ನೂ ಸೇರಿಸಿ ಬರೆದು ಕಳಿಸಿ, ಕಾರ್ಯಕ್ರಮದಲ್ಲಿ ಓದುತ್ತೇನೆ.