ತಾಂಡಾದ ಕನ್ನಡಿ, ಕಲಬುರಗಿಯ ಗುಮ್ಮಟ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರುವಾಸಿ. ಆ ಸೀಮೆಯ ಲಂಬಾಣಿ ತಾಂಡಾಗಳ ಹಿರಿಯ ಹೆಂಗಸರು ಉಡುವ ಫೇಟಿಯಾ ಲಂಗ, ತೊಡುವ ಕಾಂಚಳಿ ಕುಪ್ಪಸದ ಮೇಲೆ ಇಡೀ ರೇಖಾಗಣಿತವೇ ಇದೆ. ಚೌಕ, ತ್ರಿಕೋನ, ವಜ್ರಾಕೃತಿ, ಅವುಗಳ ನಡುವೆ ಮಿನುಗುವ ಕನ್ನಡಿ ಬಿಲ್ಲೆಗಳು.

ಆ ಬಿಲ್ಲೆ ಕೂರಿಸುವುದನ್ನು ಹತ್ತಿರದಿಂದ ನೋಡಬೇಕು. ಕನ್ನಡಿಗೆ ತೂತಿಲ್ಲ, ಅಂಟಿಲ್ಲ. ದಾರವೇ ಅದನ್ನು ಹಿಡಿದಿಡಬೇಕು. ಬಿಲ್ಲೆಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ಉದ್ದಕ್ಕೆ ಎರಡೆಳೆ, ಅಡ್ಡಕ್ಕೆ ಎರಡೆಳೆ ಹಾಯಿಸಿದರೆ ನಡುವೆ ಚೌಕ ಮೂಡುತ್ತದೆ. ಬಿಗಿ ಸಾಲದೆಂದರೆ ಅದೇ ಚೌಕವನ್ನು ಓರೆಯಾಗಿ, ಅಂದರೆ 45 ಡಿಗ್ರಿ ತಿರುಗಿಸಿ, ಇನ್ನೊಮ್ಮೆ ಹಾಕುವುದುಂಟು. ಆಗ ಉಳಿಯುವ ಕಿಂಡಿಗೆ ಎಂಟು ಮೂಲೆ. ಆ ಎಳೆಗಳನ್ನೇ ಆಧಾರ ಮಾಡಿಕೊಂಡು ಸುತ್ತಲೂ ಕುಣಿಕೆ ಹಾಕಿ ಜಗ್ಗುತ್ತ ಬಂದಂತೆ ಬದಿಗಳು ಹೊರಕ್ಕೆ ಬಾಗಿ ಕಿಂಡಿ ದುಂಡಗಾಗುತ್ತದೆ. ಆರ್ಕಿಮಿಡೀಸ್ ಪೈ ಬೆಲೆ ಹುಡುಕಲು 6 ಬಾಹುಗಳಿಂದ 96 ಬಾಹುಗಳವರೆಗೆ ಹೋದದ್ದೂ ವೃತ್ತವನ್ನು ಹೀಗೆ ಸಮೀಪಿಸುತ್ತಲೇ.

ಇದೇ ಪಾಠ ಕಲಬುರಗಿ ನಗರದಲ್ಲಿ ಕಲ್ಲು ಗಾರೆಯಲ್ಲಿ ನಿಂತಿದೆ. ಹಫ್ತ್ ಗುಂಬಜ್‌ನ ಬಹಮನಿ ಗೋರಿಗಳೊಳಗೆ ತಲೆಯೆತ್ತಿ ನೋಡಿ. ಕೋಣೆ ಚೌಕ, ಗುಮ್ಮಟ ದುಂಡು. ನಾಲ್ಕೂ ಮೂಲೆಗೆ ಅಡ್ಡಲಾಗಿ ಕಮಾನು ಕಟ್ಟಿ, ಚೌಕವನ್ನು ಎಂಟು ಬಾಹುಗಳಿಗೆ ತಂದು, ಆಮೇಲೆ ಗುಮ್ಮಟ ಏರಿಸಿದ್ದಾರೆ. ಅಲ್ಲಿನ ದೊಡ್ಡ ಜೋಡಿ ಗೋರಿ ಫಿರೋಜ್ ಷಾನದು. 1397ರಿಂದ 1422ರವರೆಗೆ ಆಳಿದ ಈ ಸುಲ್ತಾನನ ರೇಖಾಗಣಿತದ ಆಸಕ್ತಿಯನ್ನು ಇತಿಹಾಸಕಾರ ಫರಿಷ್ತಾ ಬರೆದಿಟ್ಟಿದ್ದಾನೆ. ಗೌಂಡಿಯನ್ನು ನೋಡಿ ಲಂಬಾಣಿ ಹೆಂಗಸು ಕಲಿತಳೆಂದು ನಾನು ಹೇಳುತ್ತಿಲ್ಲ. ಚೌಕವನ್ನು ದುಂಡಾಗಿಸಬೇಕಾದ ಇಬ್ಬರಿಗೂ ಎಂಟರ ಹಾದಿಯೇ ಸಿಕ್ಕಿತು. ಸುಲ್ತಾನನ ಗಣಿತ ಪುಸ್ತಕ ಸೇರಿತು, ತಾಂಡಾದ ತಾಯಂದಿರದು ಸೇರಲಿಲ್ಲ. ಈ ಅನ್ಯಾಯವನ್ನು ಶಾಲೆ ಸರಿಪಡಿಸಬಹುದು.

ಮೊಜಾಂಬಿಕ್‌ನಲ್ಲಿ ಗಣಿತಜ್ಞ ಪೌಲಸ್ ಗೆರ್ಡೆಸ್ ಬುಟ್ಟಿ ಹೆಣಿಗೆಯಿಂದಲೇ ಪೈಥಾಗೊರಸ್ ಪ್ರಮೇಯಕ್ಕೆ ದಾರಿ ತೋರಿಸಿದರು. ನಮ್ಮಲ್ಲಿ ಸಾಮಗ್ರಿಗೇನೂ ಕೊರತೆಯಿಲ್ಲ. ಭೌಗೋಳಿಕ ಸೂಚಿಕೆ ಪಡೆದಿರುವ ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಕೀಲನ್, ವೇಲೆ, ಬಕ್ಕ್ಯಾ, ಮಕಿ, ನಕ್ರಾ ಎಂದು 14 ಬಗೆಯ ಹೊಲಿಗೆಗಳನ್ನು ಲೆಕ್ಕ ಹಾಕುತ್ತಾರೆ. 2023ರಲ್ಲಿ ಹಂಪಿಯ ಜಿ20 ಸಭೆಯ ವೇಳೆ ಇಂಥ ಕಸೂತಿಯ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ಈ ಹೊಲಿಗೆಯಲ್ಲಿ ಲೆಕ್ಕ ಬದುಕಿನಿಂದ ಬೇರೆಯಾಗಿಲ್ಲ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿದವರಿಗೆ ಒಂದು ತುಂಡು ಬಟ್ಟೆಯೂ ವ್ಯರ್ಥವಲ್ಲ. ತುಂಡಿಗೆ ತುಂಡು ಕೂಡಿಸಿ ಹೊಸ ಬಟ್ಟೆ ಮಾಡಿದರು. ತಲೆಯ ಮೇಲಿನ ಕೊಡಕ್ಕೆ ಕವಡೆ ಪೋಣಿಸಿದ ಫುಲಿಯಾ-ಗಣೋ ಹೊಲಿದರು. ಮಗಳು ಯಾಡಿಯ, ಅಂದರೆ ತಾಯಿಯ, ಪಕ್ಕ ಕುಳಿತು ಎಳೆ ಎಣಿಸಿ ಕಲಿತಳು. ಉಳಿತಾಯ, ತಾಳ್ಮೆ, ಹಿರಿಯರ ಕೈಗೆ ಗೌರವ ಇವೆಲ್ಲ ಸೂಜಿಯ ಜೊತೆಗೇ ಬಂದವು. ಫೇಟಿಯಾ ಉಟ್ಟ ಅಜ್ಜಿಯನ್ನು ಕಂಡು ಶಾಲೆಯ ಮುಂದೆ ಸಂಕೋಚಪಡುವ ಮಗುವಿಗೆ, ಅವಳ ಮೈಮೇಲಿನದು ಗಣಿತವೆಂದು ಮೇಷ್ಟ್ರೇ ಹೇಳಬೇಕು.

ಖರ್ಚು ಹೆಚ್ಚಿಲ್ಲ. ಸಮಮಿತಿಯ ಪಾಠದ ದಿನ ತಾಂಡಾದ ಅಜ್ಜಿಯೊಬ್ಬಳನ್ನು ತರಗತಿಗೆ ಕರೆಸಿ. ಮಕ್ಕಳು ಕಾಂಚಳಿಯನ್ನು ನಡುವೆ ಮಡಚಿ ಅಕ್ಷ ಗುರುತಿಸಲಿ, ಚೌಕಳಿ ಹಾಳೆಯ ಮೇಲೆ ಒಂದು ಅಂಚನ್ನು ಎಣಿಸಿ ಬರೆಯಲಿ, ಕುಣಿಕೆ ಹಾಕುವ ಮುನ್ನ ಬಿಲ್ಲೆಯ ಮೇಲಿನ ಕಿಂಡಿಯ ಎಂಟು ಮೂಲೆಯನ್ನು ಕೋನಮಾಪಕದಿಂದ ಅಳೆಯಲಿ. 135 ಡಿಗ್ರಿಗೆ ಎಷ್ಟು ಹತ್ತಿರ ಬಂತೆಂದು ನೋಡಲಿ. ಮುಂದಿನ ವಾರ ಹಫ್ತ್ ಗುಂಬಜ್‌ಗೆ ಹೋಗುವಾಗ ಅಜ್ಜಿಯೂ ಬಸ್ಸಿನಲ್ಲಿರಲಿ. ಎರಡೂ ದಿನದ ಸಂಭಾವನೆ ಆಕೆಗೆ ಸಲ್ಲಲಿ, ಹಾಜರಿ ಪುಸ್ತಕದಲ್ಲಿ ಅತಿಥಿ ಶಿಕ್ಷಕಿ ಎಂದು ಹೆಸರು ಬರೆಯಲಿ.