ಮಚ್ಚು ಹಿಡಿದವನ ಮನೆಯಲ್ಲಿ ಏನಾಯ್ತು?

ರೌಡಿ ಸಿನಿಮಾ ಅಂದ್ರೆ ಮನೆಯ ಹಿರಿಯರು ಮುಖ ಸಿಂಡರಿಸೋದು ಸಹಜ. ನಮ್ಮ ಹಿರೇಕೆರೂರಿನಂಥ ಊರಲ್ಲೂ ಈಗ ಹುಡುಗರ ಸ್ಟೇಟಸ್ ನೋಡಿದ್ರೆ ಲಾಂಗು, ಮಚ್ಚು, ಹಿಂದೆ ಅಬ್ಬರದ ಮ್ಯೂಸಿಕ್ಕು. ತಲವಾರಿನಿಂದ ಬರ್ತ್‌ಡೇ ಕೇಕ್ ಕತ್ತರಿಸಿ ಕೇಸು ಹಾಕಿಸಿಕೊಂಡವರ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತೆ. 'ಇದೆಲ್ಲ ಪಿಚ್ಚರ್ ನೋಡಿ ಕಲ್ತದ್ದು' ಅಂತ ಅಪ್ಪ-ಅವ್ವ ಬೈತಾರೆ. ಹಾಗಾದ್ರೆ ಇಂಥ ಸಿನಿಮಾಗಳಲ್ಲಿ ಒಳ್ಳೇದು ಅನ್ನೋದೇ ಇಲ್ವಾ?

ಖಂಡಿತ ಇದೆ. ಅದನ್ನ ಗುರುತಿಸೋಕೆ ನನ್ನದೊಂದು ಸುಲಭದ ಅಳತೆ ಇದೆ. ಮಚ್ಚು ಹಿಡಿದವನ ಮನೆಯಲ್ಲಿ ಏನಾಯ್ತು ಅಂತ ಆ ಸಿನಿಮಾ ಹೇಳುತ್ತೋ ಇಲ್ವೋ ನೋಡಬೇಕು.

1995ರಲ್ಲಿ ಬಂದ ಉಪೇಂದ್ರ ನಿರ್ದೇಶನದ 'ಓಂ' ತಗೊಳ್ರಿ. ನಿಜವಾದ ರೌಡಿಗಳೇ ಅದರಲ್ಲಿ ಪಾತ್ರ ಮಾಡಿದ್ರು ಅನ್ನೋದನ್ನ ಜನ ಇವತ್ತಿಗೂ ಹೇಳ್ತಾರೆ. ಆದರೆ ಸಿನಿಮಾ ಉಳಿದದ್ದು ಬರೀ ಅದರಿಂದಲ್ಲ. ಶಿವರಾಜ್‌ಕುಮಾರ್ ಮಾಡಿದ ಸತ್ಯ ಪೂಜಾರಿಯ ಮಗ. ಮಂತ್ರ ಕೇಳುತ್ತಾ ಬೆಳೆದ ಹುಡುಗನ ಕೈಗೆ ಲಾಂಗು ಬಂದದ್ದು ಹೇಗೆ ಅನ್ನೋದೇ ಕತೆ. ಆಮೇಲೆ ಬಂದ ಎಷ್ಟೋ ಚಿತ್ರಗಳು ಆ ಲಾಂಗನ್ನು ಎತ್ತಿಕೊಂಡವು, ಅಪ್ಪನ ಮನೆಯನ್ನು ಮರೆತುಬಿಟ್ಟವು.

ಪ್ರೇಮ್ ನಿರ್ದೇಶನದ 'ಜೋಗಿ' (2005) ಇನ್ನೂ ಕಠಿಣ. ಮಗನನ್ನು ಹುಡುಕಿಕೊಂಡು ತಾಯಿ ಬೆಂಗಳೂರಿಗೆ ಬರ್ತಾಳೆ. ಒಂದೇ ಊರಲ್ಲಿದ್ರೂ ಇಬ್ಬರೂ ಭೇಟಿ ಆಗೋದಿಲ್ಲ. ಕೊನೆಗೆ ಮಗ ಒಂದು ಹೆಣದ ಮುಂದೆ ಕುಣೀತಾನೆ. ಅದು ತನ್ನ ತಾಯಿಯದೇ ಅಂತ ಅವನಿಗೆ ಗೊತ್ತಿರೋದಿಲ್ಲ. ಅರುಂಧತಿ ನಾಗ್ ಅವರ ಆ ತಾಯಿಯನ್ನು ನೋಡಿದವರಿಗೆ ಲಾಂಗು ಚೆಂದ ಕಾಣೋದು ಕಷ್ಟ.

ಕೆ.ಎಂ. ಚೈತನ್ಯ ಅವರ 'ಆ ದಿನಗಳು' (2007) ದಾರಿ ಬೇರೆ. ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಪುಸ್ತಕದಿಂದ ಹುಟ್ಟಿದ ಈ ಚಿತ್ರದಲ್ಲಿ ಎಂಬತ್ತರ ದಶಕದ ಬೆಂಗಳೂರಿದೆ, ಜಯರಾಜ್, ಕೊತ್ವಾಲ ಇದ್ದಾರೆ. ಇಲ್ಲಿ ಹೊಡೆದಾಟಕ್ಕಿಂತ ಹೆದರಿಕೆಯೇ ಜಾಸ್ತಿ. ಹೊಡೆಯೋಕೆ ಹೊರಟವನೂ ನಿಶ್ಚಿಂತೆಯಿಂದ ಉಸಿರಾಡೋ ಹಾಗಿಲ್ಲ.

ಜಗತ್ತೇ ಹೊಗಳೋ 'ಗಾಡ್‌ಫಾದರ್' (1972) ಮುಗಿಯೋದೂ ಗುಂಡಿನ ಸದ್ದಿನಿಂದಲ್ಲ. ಮೈಕೆಲ್ ಹೊಸ ದೊರೆಯಾಗಿ ನಿಂತಿರ್ತಾನೆ, ಹೆಂಡತಿಯ ಮುಖದ ಎದುರಿಗೇ ಅವನ ಕೋಣೆಯ ಬಾಗಿಲು ಮುಚ್ಚುತ್ತೆ. ಗೆದ್ದವನು ಏನು ಕಳಕೊಂಡ ಅಂತ ಹೇಳೋಕೆ ಅಷ್ಟು ಸಾಕು.

ಹುಡುಗರು ಸ್ಟೇಟಸ್‌ಗೆ ಹಾಕೋದು ಇಂಥ ಸಿನಿಮಾದ ಅರ್ಧ ನಿಮಿಷದ ತುಣುಕು. ಲಾಂಗು ಬೀಸಿದ್ದು ಅದರಲ್ಲಿರುತ್ತೆ, ಆಮೇಲೆ ಮನೆಯಲ್ಲಿ ಆದದ್ದು ಇರೋದಿಲ್ಲ. ನನ್ನ ಪ್ರಕಾರ ತೊಂದರೆ ಇರೋದು ಆ ಕತ್ತರಿಯಲ್ಲಿ. ಮೊಬೈಲ್ ಕಸಿದುಕೊಂಡ್ರೆ ಗೆಳೆಯನ ಮೊಬೈಲ್‌ನಲ್ಲಿ ನೋಡ್ತಾರೆ. ಅದರ ಬದಲು ಬೆಳೆದ ಮಕ್ಕಳ ಪಕ್ಕದಲ್ಲೇ ಕೂತು ಪೂರ್ತಿ ಸಿನಿಮಾ ನೋಡ್ರಿ. ಮುಗಿದ ಮೇಲೆ ಬೈಯೋದು ಬೇಡ, 'ಅವನ ಅವ್ವ ಏನಾದ್ಲು?' ಅಂತ ಒಂದೇ ಮಾತು ಕೇಳ್ರಿ. 'ಜೋಗಿ' ಪೂರ್ತಿ ನೋಡಿ ಎದ್ದ ಹುಡುಗ ಆಮೇಲೆ ಸ್ಟೇಟಸ್‌ಗೆ ಏನು ಹಾಕ್ತಾನೋ ನೋಡೋಣ.