ಟ್ರ್ಯಾಕ್ಟರ್ ಕ್ಲಚ್: ಮನೆಯಂಗಳದಲ್ಲೇ ಬದಲಿಸುವ ಕ್ರಮ

ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವುದು, ಬೇಕೆಂದಾಗ ತಡೆಯುವುದು ಕ್ಲಚ್ಚಿನ ಕೆಲಸ. ಎಂಜಿನ್ನಿನ ಹಿಂದೆ ತಿರುಗುವ ಫ್ಲೈವೀಲ್‌ಗೆ ಕ್ಲಚ್ ಪ್ಲೇಟನ್ನು ಪ್ರೆಶರ್ ಪ್ಲೇಟು ಒತ್ತಿ ಹಿಡಿದಿರುತ್ತದೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಆ ಹಿಡಿತ ಸಡಿಲಿಸುತ್ತದೆ. ಡಬಲ್ ಕ್ಲಚ್ಚಿನ ಟ್ರ್ಯಾಕ್ಟರುಗಳಲ್ಲಿ ಎರಡು ಪ್ಲೇಟುಗಳಿರುತ್ತವೆ. ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ. ಪೂರ್ತಿ ತುಳಿದರೆ ರೋಟಾವೇಟರ್ ತಿರುಗಿಸುವ ಪಿಟಿಒ ಕೂಡ ನಿಲ್ಲುತ್ತದೆ.

ಅಥಣಿ ತಾಲ್ಲೂಕಿನ ಕೊಕಟನೂರ ಸೇರಿದಂತೆ ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳದು ಕಬ್ಬಿನ ಸೀಮೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಇಲ್ಲಿನ ಹಳೆಯ ಕಾರ್ಖಾನೆ. ನುರಿಸುವ ಹಂಗಾಮಿನಲ್ಲಿ ಮೆತ್ತನೆಯ ಎರೆಮಣ್ಣಿನಿಂದ ಎರಡು ಟ್ರೇಲರ್ ಕಬ್ಬು ಎಳೆದು ರಸ್ತೆಗೆ ಹತ್ತಿಸುವಾಗ, ಕಾರ್ಖಾನೆಯ ಮುಂದಿನ ಸಾಲಿನಲ್ಲಿ ನಿಂತು ನಿಂತು ಸರಿಯುವಾಗ ಪ್ಲೇಟು ಜಾರಿ ಕಾಯುತ್ತದೆ, ಬೇಗ ಸವೆಯುತ್ತದೆ.

ಎಂಜಿನ್ ಸದ್ದು ಏರಿದರೂ ಗಾಡಿಯ ವೇಗ ಏರದಿರುವುದು, ಸುಟ್ಟ ವಾಸನೆ, ಗಾಡಿ ಹೊರಡುವಾಗಿನ ನಡುಕ ಸವೆತದ ಲಕ್ಷಣಗಳು. ಪೆಡಲ್ ತುಳಿದರೂ ಗೇರ್ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಬಿಚ್ಚುವ ಮೊದಲು ಪೆಡಲಿನ ಖಾಲಿ ಆಟ, ಅಂದರೆ ಕ್ಲಚ್ ಬಿಡತೊಡಗುವ ಮುನ್ನ ಪೆಡಲ್ ಸುಮ್ಮನೆ ಸರಿಯುವ ಅಂತರ, ಪರೀಕ್ಷಿಸಬೇಕು. ಎಷ್ಟೋ ಸಲ ಅದನ್ನು ಸರಿಪಡಿಸಿದರೆ ಸಾಕಾಗುತ್ತದೆ.

ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್‌ಗಳೇ ಒಂದಕ್ಕೊಂದು ಬಿಗಿದು ಬೆನ್ನೆಲುಬಾಗಿರುತ್ತವೆ. ಹಾಗಾಗಿ ಕ್ಲಚ್ ಕೈಗೆ ಸಿಗಬೇಕಾದರೆ ಇಡೀ ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕು. ಈ ಕೆಲಸದಲ್ಲಿ ಪಾನಾ ಹಿಡಿಯುವ ಕೈಚಳಕಕ್ಕಿಂತ ಭಾರಕ್ಕೆ ಕೊಡುವ ಆಸರೆ ಮುಖ್ಯ.

ಕಾಂಕ್ರೀಟಿನ ಸಮತಟ್ಟಾದ ನೆಲ ಬೇಕು. ಎರೆಮಣ್ಣಿನಲ್ಲಿ ಜಾಕ್ ಹುಗಿಯುತ್ತದೆ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಸರಿಸಬೇಕಾಗಿಲ್ಲದ ಭಾಗದ ಗಾಲಿಗಳಿಗೆ ಕಟ್ಟಿಗೆಯ ಅಡೆ ಕೊಡಬೇಕು. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗಾಡುವುದರಿಂದ ಅದರ ಎರಡೂ ಬದಿಗೆ ಕಟ್ಟಿಗೆಯ ಬೆಣೆ ಹೊಡೆಯದಿದ್ದರೆ ಬೇರ್ಪಟ್ಟ ಎಂಜಿನ್ ಪಕ್ಕಕ್ಕೆ ವಾಲುತ್ತದೆ. ಎರಡೂ ಭಾಗಗಳ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಬೇಕು. ಬರೀ ಜಾಕ್ ನಂಬಬಾರದು. ಬಾನೆಟ್, ಸ್ಟೇರಿಂಗ್ ರಾಡು, ಡೀಸೆಲ್ ಮತ್ತು ಹೈಡ್ರಾಲಿಕ್ ಪೈಪುಗಳು, ತಂತಿಗಳನ್ನು ಗುರುತು ಹಾಕಿಕೊಂಡೇ ಬಿಚ್ಚಬೇಕು. ಹೌಸಿಂಗ್ ಬೋಲ್ಟುಗಳು ಹೊರಬಂದ ಮೇಲೆ ಒಂದು ಭಾಗವನ್ನು ನೇರವಾಗಿ, ನಿಧಾನವಾಗಿ ಸರಿಸಬೇಕು. ಇದು ಒಬ್ಬರ ಕೆಲಸವಲ್ಲ.

ಒಳಗಿನ ಧೂಳನ್ನು ಗಾಳಿಯಿಂದ ಊದಬಾರದು. ಹಳೆಯ ಪ್ಲೇಟುಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಧರಿಸಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಫ್ಲೈವೀಲ್ ಮೇಲೆ ಗೀರು ಅಥವಾ ನೀಲಿ ಕಲೆಗಳಿದ್ದರೆ ಲೇತ್‌ನಲ್ಲಿ ಸಮ ಮಾಡಿಸಬೇಕು. ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು. ಹಳೆಯ ಪ್ಲೇಟಿಗೆ ಎಣ್ಣೆ ತಾಗಿದ್ದರೆ ಸೋರುವ ಸೀಲ್ ಹುಡುಕಬೇಕು, ಇಲ್ಲವಾದರೆ ಹೊಸ ಪ್ಲೇಟೂ ಹಾಳಾಗುತ್ತದೆ. ಮತ್ತೆ ಗಾಡಿ ಬಿಚ್ಚುವ ಶ್ರಮ ತಪ್ಪಿಸಲು ರಿಲೀಸ್ ಬೇರಿಂಗ್, ಶಾಫ್ಟಿನ ತುದಿಗೆ ಆಸರೆಯಾಗುವ ಪೈಲಟ್ ಬೇರಿಂಗ್‌ಗಳನ್ನೂ ಆಗಲೇ ಹೊಸದಾಗಿ ಹಾಕುವುದು ಲೇಸು.

ಹೊಸ ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆಗಿರಬೇಕೆಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಡಮ್ಮಿ ಶಾಫ್ಟ್ ತೂರಿಸಿ ಪ್ಲೇಟನ್ನು ನಟ್ಟನಡುವೆ ನಿಲ್ಲಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಟಾರ್ಕ್ ಪಾನಾದಿಂದ ಬಿಗಿಯಬೇಕು. ರಿಲೀಸ್ ಬೇರಿಂಗ್ ಒತ್ತುವ ಕ್ಲಚ್ಚಿನ ಬೆರಳುಗಳ ಎತ್ತರ ಸಮನಾಗಿರಬೇಕು. ಗೇರ್‌ಬಾಕ್ಸ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಎರಡು ಭಾಗಗಳನ್ನು ಕೂಡಿಸುವಾಗ ಫ್ಲೈವೀಲನ್ನು ಕೈಯಿಂದ ತುಸು ತಿರುಗಿಸಿದರೆ ಹಲ್ಲುಗಳು ತಾವಾಗಿ ಕೂಡುತ್ತವೆ. ಹೌಸಿಂಗ್ ಬೋಲ್ಟು ಬಿಗಿದು ಬಲವಂತವಾಗಿ ಎಳೆದರೆ ಪ್ಲೇಟು ಮಣಿಯುತ್ತದೆ.

ಕೊನೆಗೆ ಕೈಪಿಡಿ ಹೇಳಿದಷ್ಟು ಖಾಲಿ ಆಟ ಇಡಬೇಕು. ಬಹಳಷ್ಟು ಮಾದರಿಗಳಲ್ಲಿ ಅದು 20ರಿಂದ 30 ಮಿಲಿಮೀಟರ್. ಮೊದಲ ಕೆಲವು ಗಂಟೆ ಹಗುರ ಕೆಲಸ ಮಾಡಿಸಿ, ಆಟವನ್ನು ಮತ್ತೊಮ್ಮೆ ಅಳೆಯಬೇಕು. ಭಾರ ಎಳೆಯುವಾಗ ಕೆಳಗಿನ ಗೇರಿನಲ್ಲೇ ಹೊರಡುವುದು, ಓಡಿಸುವಾಗ ಪೆಡಲ್ ಮೇಲೆ ಕಾಲಿಡದಿರುವುದು, ಸಾಲಿನಲ್ಲಿ ನಿಂತಾಗ ನ್ಯೂಟ್ರಲ್‌ಗೆ ತರುವುದು ರೂಢಿಯಾದರೆ ಹೊಸ ಕ್ಲಚ್ ಹೆಚ್ಚು ಹಂಗಾಮು ಬಾಳುತ್ತದೆ.